ಮೆಣಸಿನಕಾಯಿ ತಂದ ಫರಂಗಿ ಅಡಿಗೆಯವರಿಗೆ ಒಂದು ಅರಿಕೆ

ಬಸವನ ಬಾಗೇವಾಡಿ
ಜನವರಿ ೧೯೬೨

ಮೆಣಸಿನಕಾಯಿಯ ಬೀಜವನ್ನು ಮೊದಲು ನಮ್ಮ ದಂಡೆಗೆ ಇಳಿಸಿದ ಪೋರ್ಚುಗೀಸ್ ಹಡಗಿನ ಅಡಿಗೆಯವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಹೆಸರು ತಿಳಿಯದು, ಕ್ಷಮೆಯಿರಲಿ. ತಾವು ತೀರಿಕೊಂಡು ಶತಮಾನಗಳೇ ಕಳೆದ ಮೇಲೆ ತಮ್ಮ ವಿಶ್ರಾಂತಿಗೆ ಭಂಗ ತರಲು ಸಂಕೋಚವಾಗುತ್ತಿದೆ. ಆದರೆ ಬರುವ ಸೋಮವಾರ ನನ್ನ ಮಗಳು ರೇವವ್ವನ ನಿಶ್ಚಯವಿದ್ದು, ಅದು ಕೂಡಿಬರುವುದೂ ಮುರಿಯುವುದೂ ತಮ್ಮ ಮೇಲೆಯೇ ನಿಂತಿರುವುದರಿಂದ ಬರೆಯದೆ ಗತಿಯಿಲ್ಲ. ನಾನು ಇಲ್ಲಿನ ಶಾಲೆಯಲ್ಲಿ ಇತಿಹಾಸ ಕಲಿಸುವ ಗುರುಲಿಂಗಪ್ಪ ಮಾಸ್ತರ.

ಕಳೆದ ತಿಂಗಳು ಗೋವೆ ನಮ್ಮದಾಯಿತು. ಆ ಸಂತೋಷದಲ್ಲಿ ಊರ ಅಗಸಿ ಬಾಗಿಲ ಕಟ್ಟೆಯ ಮೇಲೆ ನಿಂತು, ಫರಂಗಿಯವರು ಈ ಕಡೆ ಬಾರದೇ ಇದ್ದಿದ್ದರೆ ಏನಾಗುತ್ತಿತ್ತೆಂದು ಭಾಷಣ ಮಾಡಿದೆ. ಚಪ್ಪಾಳೆ ಬಿದ್ದಷ್ಟೂ ನಾಲಿಗೆ ಉದ್ದವಾಗಿ, “ಅವರು ತಂದದ್ದಾದರೂ ಏನು? ಮೆಣಸಿನಕಾಯಿ, ಶೇಂಗಾ, ಬಟಾಟೆ, ತಂಬಾಕು! ಇವು ಬಾರದಿದ್ದರೆ ನಮ್ಮ ಒಲೆ ಹೊತ್ತುತ್ತಿರಲಿಲ್ಲವೇ?” ಎಂದುಬಿಟ್ಟೆ. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಶೇವಂತೆವ್ವ ಕುಳಿತದ್ದು ನೆನಪಿರಲಿಲ್ಲ. ಬೇಸಿಗೆಯಲ್ಲಿ ಸೀನುತ್ತ, ಕಣ್ಣೀರು ಸುರಿಸುತ್ತ ಅವಳು ವರ್ಷಕ್ಕಾಗುವಷ್ಟು ಕುಟ್ಟಿಡುವ ಮಸಾಲೆ ಖಾರಕ್ಕೆ ಊರಲ್ಲೆಲ್ಲ ಹೆಸರಿದೆ. ಮನೆಗೆ ಬಂದವಳೇ ಆ ಖಾರದ ಗಡಿಗೆಯನ್ನು ಪಕ್ಕದ ಮನೆಯ ಸೈದಾಬಿಗೆ ಒಪ್ಪಿಸಿದಳು. ಶೇಂಗಾ, ಬಟಾಟೆ ಅದರ ಹಿಂದೆ ಹೋದವು, ಕೊನೆಗೆ ನನ್ನ ತಂಬಾಕಿನ ಡಬ್ಬಿಯೂ ಹೋಯಿತು. “ನಿಮ್ಮ ಇತಿಹಾಸದಾಗ ಇವು ಬಂದ ಇಲ್ಲಲ್ರಿ, ಹಂಗ ಉಣ್ರಿ ಇನ್ನ” ಎಂದಳು.

ಅಂದಿನಿಂದ ನಾನು ಫರಂಗಿಯವರು ಬಾರದ ಹಿಂದೂಸ್ತಾನದಲ್ಲಿ ವಾಸವಾಗಿದ್ದೇನೆ. ಇಲ್ಲಿ ಪರದೇಶದ ಕೋಟೆಯಿಲ್ಲ, ತೋಪಿಲ್ಲ, ಗವರ್ನರನಿಲ್ಲ. ಬದನೆಕಾಯಿ ಪಲ್ಯಕ್ಕೆ ಕಾಳುಮೆಣಸು ಬಿದ್ದು ನೆಗಡಿಯ ಕಷಾಯದ ರುಚಿ ಬಂದಿದೆ, ಸಂಕ್ರಾಂತಿ ಶೇಂಗಾ ಹೋಳಿಗೆಯಿಲ್ಲದೆ ದಾಟಿದೆ. ಸೈದಾಬಿಯ ಬಾಗಿಲಲ್ಲಿ ನಿಂತು ಚಿಟಿಕೆ ಖಾರ ಬೇಡಿದರೆ, “ಕೊಟ್ರ ಅಕ್ಕಾರು ನನ್ನ ಕೂಡ ಮಾತ ಬಿಡ್ತಾರ್ರಿ ಮಾಸ್ತರ” ಎಂದು ನಕ್ಕು ಕದ ಮುಚ್ಚಿಕೊಂಡಳು.

ಸೋಮವಾರ ಮುದ್ದೇಬಿಹಾಳದಿಂದ ಬರುವ ಬೀಗರು ಬಸಣ್ಣನವರು ಮನೆತನ ಅಳೆಯುವುದೇ ಖಾರದಿಂದ. ಸಿಂದಗಿಯ ಒಂದು ಸಂಬಂಧವನ್ನು ಸಪ್ಪನೆಯ ಸಾರು ಉಂಡ ಮೇಲೆ ಬಿಟ್ಟು ಬಂದರಂತೆ. ಆ ಕಟ್ಟೆಯ ಮೇಲೆಯೇ ನಿಂತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ಗಡಿಗೆ ಮರಳುತ್ತದೆಂದು ಶೇವಂತೆವ್ವನ ಕರಾರು. ಹೆತ್ತ ತಾಯಿ ಅಷ್ಟು ದೂರ ಹೋಗಲಾರಳೆಂದು ನಂಬಿದ್ದೆ. ನಿನ್ನೆ ಅವಳು ಇನ್ನಷ್ಟು ಕಾಳುಮೆಣಸು ತರಿಸಿದಳು. ಹುಡುಗನನ್ನು ಮನಸಾರೆ ಒಪ್ಪಿರುವ ರೇವವ್ವ ನನ್ನ ಮೇಲಿನ ಸಿಟ್ಟನ್ನೆಲ್ಲ ರೊಟ್ಟಿ ಬಡಿಯುವುದರಲ್ಲಿ ತೀರಿಸಿಕೊಳ್ಳುತ್ತಿದ್ದಾಳೆ.

ತಾವು ಬಾರದಿದ್ದರೆ ನಾವೇ ಹಡಗು ಹತ್ತಿ ಮೆಣಸಿನಕಾಯಿ ತರುತ್ತಿದ್ದೆವೆಂದೂ ಭಾಷಣದಲ್ಲಿ ಹೇಳಿದ್ದೆ. ಈಗ ಯೋಚಿಸಿದರೆ, ನಮ್ಮವರು ಚಕ್ಕಡಿ ಕಟ್ಟಿಕೊಂಡು ಹೊರಟು, ಝಳಕಿಯಲ್ಲಿ ಬೀಗರ ಮನೆಯ ಊಟ ಮುಗಿಸಿ, ಒಳ್ಳೆಯ ದಿನ ನೋಡುವಷ್ಟರಲ್ಲಿ ಸುಗ್ಗಿ ಬಂತೆಂದು ತಿರುಗಿ ಬರುತ್ತಿದ್ದರು. ತಪ್ಪಿ ಮೆಣಸಿನಕಾಯಿಯ ತವರು ಅಮೇರಿಕ ಮುಟ್ಟಿದ್ದರೂ, ಬಾವುಟ ನೆಡುವುದನ್ನು ಮರೆತು “ಊಟ ಆತೇನ್ರಿ?” ಎಂದು ಕೇಳುತ್ತಿದ್ದರು.

ಆದಕಾರಣ ತಮ್ಮಲ್ಲಿ ಸಣ್ಣದೊಂದು ಪ್ರಾರ್ಥನೆ: ದಯವಿಟ್ಟು ಆ ಪಯಣವನ್ನು ಇನ್ನೊಮ್ಮೆ ಮಾಡಬೇಕು. ಕಪ್ತಾನರು, ತೋಪುಗಳು, ನಾಲ್ಕೂವರೆ ಶತಮಾನದ ಆಳ್ವಿಕೆ, ಇವನ್ನೆಲ್ಲ ತಮ್ಮ ಬಂದರಿನಲ್ಲೇ ಬಿಟ್ಟು, ಬೀಜದ ಚೀಲಗಳನ್ನಷ್ಟೇ ತಂದು ಬಾಗೇವಾಡಿಗೆ ಮುಟ್ಟಿಸಬೇಕು. ಹಾಗಾದರೆ ನನ್ನ ಭಾಷಣವೂ ಉಳಿಯುತ್ತದೆ, ಮಗಳ ಸಂಬಂಧವೂ ಉಳಿಯುತ್ತದೆ. ಶನಿವಾರ ಸಂಜೆಯೊಳಗೆ ತಮ್ಮ ಹಡಗು ಬಾರದಿದ್ದಲ್ಲಿ, ರವಿವಾರ ನಾನು ಕಟ್ಟೆ ಹತ್ತುವುದು ಅನಿವಾರ್ಯ.

ಸಪ್ಪೆ ಬಾಯಿಯ,
ತಮ್ಮ ವಿಶ್ವಾಸಿ,
ಗುರುಲಿಂಗಪ್ಪ

ತಾ.ಕ.: ತಮ್ಮ ಹಡಗು ಬರಲಿಲ್ಲ, ಕಟ್ಟೆ ಹತ್ತಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ಮನೆ ಮುಟ್ಟುವ ಮೊದಲೇ ಗಡಿಗೆ ಮುಟ್ಟಿತ್ತು. ಸೋಮವಾರ ಬಸಣ್ಣನವರು ಮೊದಲ ತುತ್ತಿಗೇ ರುಮಾಲು ತೆಗೆದು ನೆತ್ತಿ ಒರೆಸಿಕೊಂಡು ಸಂಬಂಧ ಗಟ್ಟಿ ಮಾಡಿದರು, ರೇವವ್ವ ಒಳಗೆ ನಕ್ಕದ್ದು ಪಡಸಾಲೆಗೂ ಕೇಳಿಸಿತು. ತಂಬಾಕಿನ ಡಬ್ಬಿ ಮಾತ್ರ ಮರಳಲಿಲ್ಲ. ಕೇಳಿದ್ದಕ್ಕೆ, ಈ ಪತ್ರವನ್ನು ಆಗಲೇ ಓದಿಕೊಂಡಿದ್ದ ಶೇವಂತೆವ್ವ, “ಆ ಅಡಿಗಿಯಾಂವ ಭಾಳ ಶಾಣ್ಯಾ ಇದ್ದನ್ರಿ. ಖಾರ ತಂದಾನ, ಶೇಂಗಾ ತಂದಾನ. ತಂಬಾಕ ತಂದೇ ಇಲ್ಲ” ಎಂದಳು. ಇನ್ನು ಮುಂದೆ ನಮ್ಮ ಮನೆಯಲ್ಲಿ ಇದೇ ಇತಿಹಾಸ.