ಅಶ್ವತ್ಥಪ್ಪನಿಗೆ ನೆನಪಿನ ಪರೀಕ್ಷೆ

ಅಶ್ವತ್ಥಪ್ಪ ಹೆಂಡತಿಯನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ರಾಯಕೋಟೆ ಸಂತೆಗೆ ಹೋದದ್ದು ನಿಜ. ಬರುವಾಗ ಪೆಟ್ರೋಲ್ ಬಂಕಿನಲ್ಲಿ ಅವಳು ಕೆಳಗಿಳಿದದ್ದೂ ನಿಜ. ಮತ್ತೆ ಹತ್ತಿಸಿಕೊಳ್ಳುವ ವಿಚಾರದಲ್ಲಿ ಮಾತ್ರ ಸ್ವಲ್ಪ ಎಡವಟ್ಟಾಯಿತು. ಹೊಸೂರು ಪಕ್ಕದ ಅವಲಪಲ್ಲಿಯ ಮನೆ ಮುಂದೆ ಗಾಡಿ ನಿಲ್ಲಿಸಿ "ಇಳಿಯೇ" ಅಂದು, ಉತ್ತರ ಬಾರದೆ ತಿರುಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಹುರುಳಿಕಾಯಿ ಚೀಲವೊಂದೇ ಕೂತಿತ್ತು.

ಚೆಲುವಮ್ಮ ಬಸ್ಸು ಹಿಡಿದು ಬಂದಳು. ಬಂದವಳು ಬೈಯಲಿಲ್ಲ, ಅವನಿಗೆ ಭಯವಾದದ್ದೇ ಅದಕ್ಕೆ. ಸುಮ್ಮನೆ ಮೊಪೆಡ್ಡಿನ ಬೀಗದಕೈ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು.

"ಇವತ್ತು ನನ್ನ ಮರ್ತೋರು ನಾಳೆ ಮನೇನೂ ಮರೀತೀರ. ಬೆಳಗ್ಗೆ ಸ್ಕೂಲಿಗೆ ಸರ್ಕಾರದ ಡಾಕ್ಟ್ರು ಬತ್ತಾರಂತೆ, ವಯಸ್ಸಾದೋರಿಗೆ ಮರೆವಿನ ಕಾಯಿಲೆ ಐತಾ ಅಂತ ನೋಡಾಕೆ. ಅವ್ರು ಏನೂ ಇಲ್ಲ ಅನ್ನೋಗಂಟ ಗಾಡಿ ಮುಟ್ಟಂಗಿಲ್ಲ."

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅಶ್ವತ್ಥಪ್ಪನಿಗೆ ಉಳಿದಿದ್ದ ದರ್ಬಾರೆಂದರೆ ಆ ಮೊಪೆಡ್ ಒಂದೇ. ಅದೂ ಹೋದರೆ ಜಗುಲಿಯ ಮೇಲೆ ಕೂತು ಆಕಳಿಸುವ ಮುದುಕರ ಸಾಲಿಗೆ ಸೇರಿದಂತೆಯೇ. ಹೇಗಾದರೂ ಪಾಸಾಗಲೇಬೇಕು ಅಂತ ಹಟ ತೊಟ್ಟ.

ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಮುಟ್ಟಿತ್ತು. ಪಕ್ಕದ ಮನೆಯ ಪಾಪಮ್ಮ ನೆನಪಿಗೆ ಒಳ್ಳೇದು ಅಂತ ಒಂದೆಲಗದ ಚಟ್ನಿ ತಂದು, ಎದುರಿಗೇ ನಿಂತು ಬರೀ ಬಾಯಿಗೆ ತಿನ್ನಿಸಿದಳು. ಅಷ್ಟಕ್ಕೇ ಬಿಟ್ಟಳೇ? ಅವನ ಮೊಮ್ಮಗಳು ಹರ್ಷಿತಾಳನ್ನು ಕೂಗಿ, "ತಾತನ ಕೈಮೇಲೆ ವಿಳಾಸ ಬರಿಯಮ್ಮಿ. ತಪ್ಪಿಸ್ಕೊಂಡ್ರೆ ಯಾರಾರ ತಂದ್ಬುಡ್ತಾರೆ" ಅಂದಳು.

"ತಮಿಳಲ್ಲೂ ಬರಿ, ಬಸ್ಸಿನೋರಿಗೆ ಬೇಕಾಯ್ತದೆ" ಅಂದ ಎದುರು ಮನೆಯ ಆವುಲಪ್ಪ. "ತೆಲುಗೂ ಇರ್ಲಿ. ಯಾವ ಕಡೆ ಹೋಗ್ತಾನೋ ಏನ್ ಕಥೆಯೋ!"

ಮೂರು ಭಾಷೆಯಲ್ಲಿ ಬರೆಸಿಕೊಂಡು ಅಶ್ವತ್ಥಪ್ಪ ಮೈಲಿಗಲ್ಲಿನ ಹಾಗೆ ನಿಂತ. ಸ್ಕೂಲಿನ ದಾರಿಯುದ್ದಕ್ಕೂ ಆವುಲಪ್ಪನ ತರಬೇತಿ ಬೇರೆ.

"ಇವತ್ತು ಏನು ವಾರ ಹೇಳ್ಲಾ?"

"ಗುರುವಾರ."

"ಯೋಚ್ನೆ ಮಾಡಿ ಹೇಳ್ದೆ ಕಣ್ಲಾ! ಶುರುವಾಗ್ಬುಟ್ಟದೆ!"

ಹಿಂದೆ ಬರುತ್ತಿದ್ದ ಚೆಲುವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಡಾಕ್ಟರ್ ಲಕ್ಷ್ಮೀಪ್ರಿಯಾ ಹೊಸೂರಿನವಳೇ, ನಗುಮುಖದ ಹುಡುಗಿ. ವಾರ, ತಿಂಗಳು, ಊರು ಎಲ್ಲ ಕೇಳಿದಳು. ಅಶ್ವತ್ಥಪ್ಪ ಪಟಪಟ ಹೇಳಿದ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಅಂದರೆ, ಸಂತೆಯ ರೂಢಿಯಲ್ಲಿ ತೆಲುಗಿನಲ್ಲೇ ಕಳೆದು ತೋರಿಸಿದ. ಬೀಗದಕೈ ಇನ್ನೇನು ಕೈಗೆ ಬಂತು ಅನ್ನುವಾಗ ಅವಳು ಕೇಳಿದಳು:

"ನಿಮ್ಮ ಮನೆಯವರ ಹೆಸರೇನು?"

ಅಶ್ವತ್ಥಪ್ಪ ಮದುವೆಯಾದಾಗಿನಿಂದ "ಲೇ", "ಇವಳೇ" ಅಂತಲೇ ಕರೆದವನು. ನಾಲ್ಕು ಜನರ ಮುಂದೆ ಹೆಂಡತಿಯ ಹೆಸರೆತ್ತುವುದುಂಟೇ! "ನಮ್ಮನೆಯೋಳು..." ಅಂದು ನೆಲ ನೋಡಿದ.

"ಅಯ್ಯಯ್ಯೋ, ಹೆಂಡ್ತಿ ಹೆಸರೇ ಮರ್ತೋಗ್ಬುಟ್ಟ!" ಬೀದಿಯವರ ಜೊತೆ ಹೊರಗೆ ಕಿಟಕಿಗೆ ಅಂಟಿಕೊಂಡಿದ್ದ ಪಾಪಮ್ಮ ಕಿರುಚಿದಳು. ಚೆಲುವಮ್ಮ ಗೊಳೋ ಅಂತ ಅತ್ತಳು.

"ಅಳಬೇಡಿಮ್ಮ. ನಿಮ್ಮ ಯಜಮಾನರ ಹೆಸರು ನೀವೇ ಹೇಳಿ" ಅಂದಳು ಡಾಕ್ಟರು.

ಚೆಲುವಮ್ಮನ ಅಳು ಗಕ್ಕನೆ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅದೇ... ಅವ್ರೇ" ಅಂತ ಗಂಡನ ಕಡೆ ಬೆರಳು ತೋರಿಸಿದಳು.

ಡಾಕ್ಟರು ನಕ್ಕಳು. "ಗೊತ್ತಾಯ್ತು. ನಮ್ಮಜ್ಜೀನೂ ಹೀಗೇ. ತಾತಾ, ನಾಚ್ಕೆ ಬಿಟ್ಟು ಹೇಳಿಬಿಡಿ."

ಗಾಡಿಗಾಗಿ ಮಾನ ಬಿಟ್ಟ ಅಶ್ವತ್ಥಪ್ಪ ಕಣ್ಣು ಮುಚ್ಚಿ, "ಚೆಲುವಮ್ಮ!" ಅಂತ ಸ್ಕೂಲೆಲ್ಲ ಕೇಳುವಂತೆ ಕೂಗಿದ. ಚೆಲುವಮ್ಮನ ಮುಖ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾಯಿತು.

ಡಾಕ್ಟರು ಕಿಟಕಿಯವರಿಗೂ ಕೇಳುವಂತೆ ಹೇಳಿದಳು: "ಮರೆವಿನ ಕಾಯಿಲೆ ಅಂದ್ರೆ ಹುಚ್ಚಲ್ಲ. ವಯಸ್ಸಾಯ್ತು ಅಂತ ಸುಮ್ಮನಿರೋದೂ ಬೇಡ, ನಾಚಿಕೊಂಡು ಬಚ್ಚಿಡೋದೂ ಬೇಡ. ಬೇಗ ತೋರಿಸಿ. ಬಂದ್ರೂ ಮನೆಯವರು ಜೊತೆಗಿದ್ರೆ ಎಷ್ಟೋ ಕಾಲ ಚೆನ್ನಾಗಿ ಬಾಳಬಹುದು. ಬಿಪಿ, ಸಕ್ಕರೆ ಹತೋಟಿಯಲ್ಲಿಡಿ. ಬೀಡಿ ಬಿಡಿ. ದಿನಾ ನಡೀರಿ. ನಾಲ್ಕು ಜನರ ಜೊತೆ ಮಾತಾಡ್ತಾ ಇರಿ."

ಆವುಲಪ್ಪ ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿದ. ಪಾಪಮ್ಮ ಹೆಮ್ಮೆಯಿಂದ, "ನಾಲ್ಕು ಜನಕ್ಕೆ ನಮ್ಮ ಬೀದೀಲಿ ಏನು ಬರ!" ಅಂದಳು.

"ನಿಮ್ಮ ಯಜಮಾನರಿಗೆ ಏನೂ ಇಲ್ಲಮ್ಮ" ಅಂದಳು ಡಾಕ್ಟರು. "ನೆನಪು ಒಳ್ಳೆ ಗಟ್ಟಿಯಾಗಿದೆ."

"ನಮ್ಮಪ್ಪಾ, ತಿಮ್ಮಪ್ಪಾ!" ಚೆಲುವಮ್ಮ ಕೈಮುಗಿದಳು. ಅವಳಿಗೆ ಜೀವ ಬಂದಂತಾಯಿತು. ಸೆರಗಿನ ಗಂಟು ಬಿಚ್ಚತೊಡಗಿದಳು. ಅಶ್ವತ್ಥಪ್ಪ ಕೈ ಚಾಚಿದ.

ಅವಳ ಬೆರಳು ಅರ್ಧದಲ್ಲೇ ನಿಂತಿತು.

"ಡಾಕ್ಟ್ರಮ್ಮ, ಕಾಯಿಲೆ ಗೀಯಿಲೆ ಏನೂ ಇಲ್ವಾ?"

"ಒಂಚೂರೂ ಇಲ್ಲ."

"ಹಂಗಾರೆ ಇವ್ರು ತಲೆ ನೆಟ್ಟಗಿದ್ದೇ ನನ್ನ ಬಂಕಲ್ಲಿ ಬಿಟ್ಟು ಬಂದವ್ರೆ!"

ಕಿಟಕಿಯಲ್ಲಿದ್ದವರೆಲ್ಲ ಒಳಕ್ಕೆ ಕತ್ತು ಚಾಚಿದರು. ಅಶ್ವತ್ಥಪ್ಪ ಡಾಕ್ಟರ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ: "ಇನ್ನೊಂದ್ಸಲ ನೋಡ್ರವ್ವ. ವಸಿಯಾದ್ರೂ ಇರ್ಬೇಕು."

"ಖಂಡಿತಾ ಇಲ್ಲ ತಾತಾ. ಧೈರ್ಯವಾಗಿ ಮನೆಗೆ ಹೋಗಿ!"

ಚೆಲುವಮ್ಮ ಗಂಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು. "ದಿನಾ ನಡೀಬೇಕು ಅಂತ ಡಾಕ್ಟ್ರೇ ಹೇಳವ್ರೆ. ನಡೀರಿ. ನಾನೂ ಜೊತೇಲೇ ಬತ್ತೀನಿ, ಹೇಳಾದು ಬೇಕಾದಷ್ಟೈತೆ."