ಅವ್ವನ ಚಾಕುವಿನ ಅಳತೆ

ಮನೆಗೊಂದು ಚಾಕು ಬೇಕಾದಾಗ ಬುದ್ಧಿವಂತರು ಅಂಗಡಿಗೆ ಹೋಗುತ್ತಾರೆ. ಚಾಕು ಮಾಡುವ ಯಂತ್ರವನ್ನೇ ಮೊದಲು ಕಟ್ಟಿಬಿಡೋಣ ಅನ್ನುವವರದು ಬೇರೊಂದು ಪಂಗಡ. ಈ ಪಂಗಡದವರ ಹೆಂಡತಿಯರು ಒಂದೋ ಬಹಳ ತಾಳ್ಮೆಯವರಾಗಿರುತ್ತಾರೆ, ಇಲ್ಲವೇ ಬಹಳ ಬಾಯಿಯವರು. ನನ್ನ ಹೆಂಡತಿ ಶೈಲಾ ಎರಡೂ ಹೌದು. ಬೆಳಿಗ್ಗೆ ತಾಳ್ಮೆ, ಸಂಜೆ ಬಾಯಿ.

ಇದೆಲ್ಲ ಶುರುವಾದದ್ದು ಅಕ್ಕನ ಮೊಣಕಾಲಿನಿಂದ. ದೌಂಡಿನಲ್ಲಿದ್ದ ಅಕ್ಕ ನೆಲದ ಮೇಲೆ ಕೂರುವುದು ಸಾಧ್ಯವೇ ಇಲ್ಲವೆಂದಾದ ಮೇಲೆ ಪುಣೆಗೆ ನಮ್ಮಲ್ಲಿಗೆ ಬಂದಳು. ನೆಲ ಬಿಟ್ಟ ಮೇಲೆ ಈಳಿಗೆಯೂ ಬಿಟ್ಟಂತೆಯೇ. ಶೈಲಾ ಕೊಟ್ಟ ಪ್ಲಾಸ್ಟಿಕ್ ಹಿಡಿಯ ಚಾಕುವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಹುಟ್ಟುಹಬ್ಬಕ್ಕೆ ಕೇಕು ಕೊಯ್ಯುವಂಥದ್ದು ಅಂತ ಪಕ್ಕಕ್ಕಿಟ್ಟಳು. ಆಮೇಲೆ ಟೀವಿ ಎದುರು ಸುಮ್ಮನೆ ಕೂರತೊಡಗಿದಳು. ಬಡಿಸಿದ್ದು ತಿನ್ನುವುದು, ಕೊಟ್ಟಷ್ಟು ಕುಡಿಯುವುದು. ಜೀವನವಿಡೀ ದೊಡ್ಡ ಸಂಸಾರಕ್ಕೆ ಪಲ್ಯ ಹೆಚ್ಚಿ ಹಾಕಿ ಎಲ್ಲರನ್ನೂ ಬೈದುಕೊಂಡಿದ್ದವಳು ನಮ್ಮ ಮನೆಯಲ್ಲಿ ಸಭ್ಯಳಾಗಿಬಿಟ್ಟಳು. ನೋಡಲಾಗುತ್ತಿರಲಿಲ್ಲ.

ಒಂದು ದಿನ ಅವಳೇ ಅಂದಳು: "ತಮ್ಮಾ, ಕಡೀಕಡೀಗೆ ಅವ್ವನೂ ಕುರ್ಚಿ ಮ್ಯಾಲ ಕೂತು ಹೆಚ್ಚತಿದ್ಲಲ್ಲ, ಆ ಚಾಕು. ಅಂಥಾದ್ದೊಂದು ಇದ್ದಿದ್ರ ನಾನೂ ಹೆಚ್ಚತಿದ್ದೆ."

ಆ ಚಾಕು ಎಂದೋ ಕಳೆದುಹೋಗಿದೆ. ಅವ್ವನದು ಅಂತ ಉಳಿದಿರುವುದು ಅವಳ ಈಳಿಗೆಯ ಅಲಗು ಒಂದೇ. ಮಣೆ ಗೆದ್ದಲಿಗೆ ಹೋಗಿದೆ. ಅಕ್ಕ ಟ್ರಂಕಿನಿಂದ ಹಳೇ ಸೀರೆಯ ಚೂರಿನಲ್ಲಿ ಸುತ್ತಿದ ಅಲಗನ್ನು ತೆಗೆದು ನನ್ನ ಮುಂದಿಟ್ಟು, "ಇದರಾಗ ಮಾಡು. ಕೆಡಿಸಿದ್ರ ಮತ್ತೊಂದಿಲ್ಲ ನೋಡು" ಅಂದಳು.

ಮತ್ತೊಂದಿಲ್ಲ ಅನ್ನುವ ಮಾತು ಕೇಳಿದ ಮೇಲೂ ಸಾಣೆಯವನ ಹತ್ತಿರ ಹೋಗದೆ ಹಳೇ ಸಾಮಾನು ಮಾರುವ ಜುನಾ ಬಜಾರಿಗೆ ಹೋದೆ ನೋಡಿ, ಅದು ನನ್ನ ಪಂಗಡದ ಗುಣ. ಅಲ್ಲೊಂದು ಹಳೇ ಮೋಟಾರು ಸಿಕ್ಕಿತು. ಹಿಟ್ಟಿನ ಗಿರಣಿಯದು ಅಂತ ಮಾರುವವನು ದೇವರ ಆಣೆ ಹಾಕಿದ. ಮುರಿದ ಕಬ್ಬಿಣದ ಮಂಚದಿಂದ ಚೌಕಟ್ಟು, ಸ್ಕೂಟರಿನ ಸ್ಟ್ಯಾಂಡಿನಿಂದ ಸ್ಪ್ರಿಂಗು, ಮೇಲಿನ ಗಾಲಿಯನ್ನು ಅತ್ತಿತ್ತ ಓರೆ ಮಾಡಲು ಬಾಗಿಲಿನದೊಂದು ಕೀಲು ಕೂಡಿಸಿ, ಗಾಲಿಗಳ ಸುತ್ತ ಮರಳು ಕಾಗದದ ಪಟ್ಟಿ ಓಡುವಂತೆ ಮಾಡಿದೆ. ಇದೇ ಬೆಲ್ಟ್ ಗ್ರೈಂಡರ್, ಕಬ್ಬಿಣ ಉಜ್ಜಿ ಆಕಾರ ಕೊಡುವ ಯಂತ್ರ. ಮೊದಲ ಸಲ ಗುಂಡಿ ಒತ್ತಿದಾಗ ಮೋಟಾರು ಉಲ್ಟಾ ತಿರುಗಿತು. ಪಟ್ಟಿ ಗಾಲಿಯಿಂದ ಜಿಗಿದು, ಗೋಡೆ ದಾಟಿ, ನಾವೆಲ್ಲ ಕಾಕು ಅಂತ ಕರೆಯುವ ಪಕ್ಕದ ಮನೆಯ ಹೆಂಗಸು ಒಣಹಾಕಿದ್ದ ಹಪ್ಪಳದ ಮೇಲೆ ಇಳಿಯಿತು. ಕಾಕು ಅದನ್ನು ತಂದುಕೊಟ್ಟು, ಇದು ದಿನಾ ಬರುತ್ತದೆಯೋ ಹೇಗೆ, ಬರುವುದಾದರೆ ಹಪ್ಪಳ ತಾರಸಿಗೆ ಒಯ್ಯುತ್ತೇನೆ ಅಂತ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ವಿಚಾರಿಸಿದರು.

ವೈರು ಅದಲುಬದಲು ಮಾಡಿದ ಮೇಲೆ ಮೋಟಾರು ಸರಿಯಾಗಿ ಓಡಿತು. ಬಿಸಿಯಾಗುತ್ತಿದ್ದಂತೆ ಬೆಚ್ಚಗಿನ ಜೋಳದ ಹಿಟ್ಟಿನ ವಾಸನೆ ಬಂತು. ಡಬ್ಬಿ ಹೊತ್ತು ಗಿರಣಿಯ ಸಾಲಿನಲ್ಲಿ ನಿಂತ ದಿನಗಳು, ಗಿರಣಿಯವನ ಬೆಳ್ಳನೆಯ ಹುಬ್ಬು, ಬಿಸಿ ಹಿಟ್ಟಿಗೆ ಕೈ ಹಾಕಿ ತಿಂದ ಪೆಟ್ಟು, ಎಲ್ಲ ಬಂದು ಕಣ್ಣು ಒದ್ದೆಯಾಯಿತು. ಶೈಲಾಳನ್ನು ಕರೆದು ಮೂಸಲು ಹೇಳಿದೆ. ಅವಳು ಮೂಸಿ, "ಜೋಳ ಅಲ್ರೀ, ವೈರ್ ಸುಡ್ಲಿಕ್ಕತ್ತದ" ಅಂದಳು. ಸುಡುತ್ತಿತ್ತು. ಆದರೆ ನಾನು ಮೂಸಿದ್ದು ಜೋಳವನ್ನೇ.

ಇನ್ನು ಅಲಗು. ನನಗೆ ನೆನಪಿದ್ದ ಅವ್ವನ ಚಾಕು ಉದ್ದ, ಅಗಲ, ಕುಂಬಳಕಾಯಿ ಸೀಳುವಂಥದ್ದು. ಹಾಗೆಯೇ ಉಜ್ಜಿದೆ. ಅಕ್ಕ ಕುರ್ಚಿ ಹಾಕಿಸಿಕೊಂಡು ಕೂತು ನೋಡಿ, ಇಷ್ಟು ಅಗಲ ಇರಲಿಲ್ಲ ಅಂದಳು. ಅಗಲ ಇಳಿಸಿದೆ. ತುದಿ ಚೂಪಾಗಿತ್ತು, ಆಲೂಗಡ್ಡೆಯ ಕಣ್ಣು ಅದರಿಂದಲೇ ತೆಗೆಯುತ್ತಿದ್ದಳು ಅಂದೆ. ಅಕ್ಕ ಯೋಚಿಸಿ ಹೂಂ ಅಂದಳು. ಚೂಪು ಮಾಡಿದೆ. ಮರುದಿನ ಬಂದು ರಾತ್ರಿಯೆಲ್ಲ ಯೋಚಿಸಿದೆ, ಗುಂಡಗಿತ್ತು ಅಂದಳು. ಗುಂಡಗೆ ಮಾಡಿದೆ. ಅವಸರದಲ್ಲಿ ಕೆಳಗಿಟ್ಟ ಬಕೆಟ್ಟಿನ ನೀರಿನಲ್ಲಿ ಅದ್ದುವುದು ಮರೆತು ತುದಿ ಕಾದು ನೀಲಿಗಟ್ಟಿತು. ನೀಲಿಗಟ್ಟಿದ ಉಕ್ಕಿಗೆ ಗಟ್ಟಿತನ ಉಳಿಯುವುದಿಲ್ಲ, ಹಾಗಾಗಿ ನೀಲಿಯಾದಷ್ಟನ್ನೂ ಉಜ್ಜಿ ತೆಗೆಯಬೇಕಾಯಿತು. ಆಮೇಲೆ ಬೆನ್ನು ನೇರವೋ ಬಾಗಿತ್ತೋ ಅನ್ನುವ ಬಗ್ಗೆ ಜಗಳ. ಇಬ್ಬರೂ ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ಗೆರೆ ಎಳೆದು ತೋರಿಸಿದೆವು. ಪ್ರತಿ ಗೆರೆಗೂ ಸ್ವಲ್ಪ ಉಕ್ಕು ಕಿಡಿಯಾಗಿ ಹಾರಿತು. ಈ ಯಂತ್ರಕ್ಕೆ ತೆಗೆಯುವುದಷ್ಟೇ ಗೊತ್ತು, ಮರಳಿ ಹಚ್ಚುವುದು ಗೊತ್ತಿಲ್ಲ. ನಮಗಿಬ್ಬರಿಗೂ ಅದು ಗೊತ್ತಿತ್ತು, ಆದರೂ ಯಾರೂ ಸೋಲಲಿಲ್ಲ.

ಚಹಾ ತಂದ ಶೈಲಾ ಬಕೆಟ್ಟಿನ ತಳದ ಕಪ್ಪು ಪುಡಿ ನೋಡಿ ಅಂದಳು: "ಅಕ್ಕಾರ, ನಿಮ್ಮಿಬ್ಬರ ನೆನಪು ಕೂಡೂತನಕ ಕಬ್ಬಿಣ ಉಳೀಬೇಕಲ್ಲ?"

ಆಗ ಮೋಟಾರು ನಿಲ್ಲಿಸಿದೆ. ಕೈಯಲ್ಲಿ ಉಳಿದದ್ದು ನನ್ನ ಬೆರಳಿನಷ್ಟು ಉದ್ದ. ಅವ್ವ ಬಿಟ್ಟುಹೋದ ಏಕೈಕ ಉಕ್ಕಿನ ಬಹುಪಾಲು ಬಕೆಟ್ಟಿನಲ್ಲಿತ್ತು. ಹಿಡಿ ಹಾಕಿ, ಮಸೆದು, ಅಕ್ಕನ ಮುಂದೆ ಮೇಜಿನ ಮೇಲಿಟ್ಟು ಬೈಗುಳಕ್ಕೆ ತಯಾರಾಗಿ ನಿಂತೆ. ಅಕ್ಕ ಅದನ್ನೆತ್ತಿ ಹೆಬ್ಬೆರಳಿನಿಂದ ಅಂಚು ಸವರಿದಳು. ಬುಟ್ಟಿಯಿಂದ ಒಂದು ಬೆಂಡೆಕಾಯಿ ತೆಗೆದು ಅಂಗೈಯಲ್ಲೇ ಹಿಡಿದು ಹೆಚ್ಚಿದಳು. ಬಿಲ್ಲೆಗಳು ಒಂದೇ ಸಮನೆ ಬಿದ್ದವು.

"ಹಿಂಗಽ ಇತ್ತು," ಅಂದಳು.

ಕುಂಬಳಕಾಯಿ? ನಾನು ಕೇಳಿಯೇ ಬಿಟ್ಟೆ.

"ಕುಂಬಳಕಾಯಿ ಅಪ್ಪ ಒಡೀತಿದ್ದ, ಕೊಡ್ಲೀಲೆ. ನಿನಗೇನ ನೆನಪದ?"

ನಮ್ಮ ಮನೆಯಲ್ಲಿ ಕೊಡಲಿ ಇತ್ತೆಂಬುದೇ ನನಗೆ ನೆನಪಿಲ್ಲ.

ಈಗ ಅಕ್ಕ ಬೆಳಿಗ್ಗೆಯೇ ಊಟದ ಮೇಜು ಹಿಡಿಯುತ್ತಾಳೆ. ಆ ಚಾಕುವಿನಲ್ಲಿ ಒಂದು ಸಿವುಡು ಮೆಂತ್ಯ ಸೊಪ್ಪು ಹೆಚ್ಚುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತದೆ, ಅಡುಗೆ ತಡವಾಗುತ್ತದೆ. ತಡವಾದದ್ದಕ್ಕೆ ಶೈಲಾಳಿಗೂ ನನಗೂ ಬೈಗುಳ ಬೀಳುತ್ತದೆ. ಮನೆ ಸರಿಹೋಯಿತು.

ಮೊನ್ನೆ ಊರ ಕಡೆಯ ನೆಂಟರೊಬ್ಬರು ಬಂದಾಗ ಅವ್ವನ ಕೈಯಡುಗೆಯ ಮಾತು ಬಂತು. ಅವ್ವ ಕುರ್ಚಿಯಲ್ಲಿ ಕೂತು ಪುಟ್ಟ ಚಾಕುವಿನಿಂದ ಬೆಂಡೆ ಹೆಚ್ಚುತ್ತಿದ್ದುದನ್ನು ನಾನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದೆ. ಸುಳ್ಳಲ್ಲ, ನನಗೆ ನಿಜವಾಗಿಯೂ ಕಾಣುತ್ತಿತ್ತು. ಇಷ್ಟೇ ಇತ್ತು ನೋಡ್ರಿ ಅಂತ ಹೆಬ್ಬೆರಳು ತೋರುಬೆರಳುಗಳ ನಡುವೆ ಅಳತೆ ಹಿಡಿದು ತೋರಿಸಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಾ ಕೇಳಿದಳು: "ಹ್ವಾದ ವಾರ ಇನ್ನೂ ಸ್ವಲ್ಪ ದೊಡ್ಡದಿತ್ತಲ್ರೀ?"

ನಾನು ಬೆರಳುಗಳನ್ನು ಸ್ವಲ್ಪ ಅಗಲಿಸಿದೆ.