ನಾನಿಬಾಯಿಯ ಕೊಸರು, ನನ್ನ ಜಮಾಖರ್ಚು

ಮೊದಲೇ ಹೇಳಿಬಿಡುತ್ತೇನೆ, ಲೆಕ್ಕ ಬರೆಯುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ದಾಂಡೇಲಿಗೆ ಸೊಸೆಯಾಗಿ ಬಂದವಳು ನಾನು. ಹತ್ತು ತಿಂಗಳ ಮಗಳು ಒಂದು ಹೊತ್ತು ಹಾಲು ಕಡಿಮೆ ಕುಡಿದರೂ ನನ್ನ ಎದೆ ನಡುಗುತ್ತದೆ. ಆ ನಡುಕಕ್ಕೆ ಲೆಕ್ಕವೇ ಔಷಧ. ಆದ್ದರಿಂದ ಮನೆಗೆ ಬಂದ ಹಾಲು ಎಡಕ್ಕೆ, ಖರ್ಚಾದ ಹಾಲು ಬಲಕ್ಕೆ. (ಕಾಗದದ ಕಾರ್ಖಾನೆಯ ಊರು ದಾಂಡೇಲಿಯಲ್ಲಿ ಕಾಗದಕ್ಕೇನು ಬರ?)

ಆ ತಿಂಗಳು ಲೆಕ್ಕ ಕೂಡಲಿಲ್ಲ. ದಿನಕ್ಕೆ ಬಂದದ್ದು ಒಂದು ಲೀಟರ್, ಖರ್ಚಾದದ್ದು ಅದಕ್ಕಿಂತ ನೂರೈವತ್ತು ಮಿಲಿ ಹೆಚ್ಚು.

"ಹಾಲಿಗೆ ನೀರು ಬೆರಸೀರೇನು?" ಎಂದು ಇವರನ್ನು ಹಿಡಿದೆ.

"ಕಡಿಮಿ ಬಿತ್ತಂತ ಜಗಳಾ ಮಾಡೋರನ್ನ ನೋಡೇನಿ. ಹೆಚ್ಚಾತಂತ ಮಾಡಾಕಿ ನೀ ಒಬ್ಬಾಕಿನ."

ಮರುದಿನ ಬೆಳಿಗ್ಗೆ ಅಪರಾಧಿ ಸಿಕ್ಕಿಬಿದ್ದಳು. ಎಮ್ಮೆ ಹಾಲು ತರುವ ಗೌಳಿಗರ ನಾನಿಬಾಯಿ ಒಂದು ಲೀಟರ್ ಅಳೆದು, ಕ್ಯಾನನ್ನು ಮತ್ತೊಮ್ಮೆ ಬಗ್ಗಿಸಿದಳು.

"ಇದು ಯಾವ ಲೆಕ್ಕದಾಗ ಬಂತು?"

"ಇದು ಲೆಕ್ಕದಾಗ ಬರೂದಿಲ್ಲರಿ ಬಾಯಾರ. ಕೊಸರು."

"ಇದಕ್ಕೂ ರೊಕ್ಕಾ ತಗೊ. ಇಲ್ಲಾ ಹಾಕಬ್ಯಾಡ."

"ಕೊಸರಿಗೆ ರೊಕ್ಕಾ ತಗೊಂಡ್ರ ನಮ್ಮ ಎಮ್ಮಿ ಏನ ಅಂದೀತು?"

ಎಮ್ಮೆಯ ಅಭಿಪ್ರಾಯವನ್ನು ಬದಿಗಿಟ್ಟು, ಲೆಕ್ಕಶಾಸ್ತ್ರದ ಅರ್ಥ ಮತ್ತು ಉದ್ದೇಶದ ಮೇಲೆ ಕಟ್ಟೆಯ ಮೇಲೆಯೇ ಉಪನ್ಯಾಸ ಕೊಟ್ಟೆ. ಬರೆಯದೆ ಬಂದದ್ದು ಬಂದಂತಲ್ಲ. ಬರೆಯಲಾಗದ್ದು ಈ ಮನೆಗೆ ಬೇಡ. ನಾನಿಬಾಯಿ ಎಂದಿನಂತೆ ಕಾಲು ಚಾಚಿ, ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಕೇಳಿದಳು. (ಮಗಳು ಅಳದೆ ಮಲಗುವುದು ಆ ಕಾಲ ಮೇಲೆ ಮಾತ್ರ. ನನ್ನ ಸ್ನಾನ, ಅಡಿಗೆ, ಲೆಕ್ಕ ಎಲ್ಲ ಆ ಒಂದು ತಾಸಿನಲ್ಲೇ.)

"ಆತ್ರಿ, ಬಾಯಾರ," ಎಂದಳು.

ಮರುದಿನ ಕರಾರುವಾಕ್ಕಾಗಿ ಒಂದು ಲೀಟರ್ ಹೊಯ್ದು ಕ್ಯಾನ್ ಎತ್ತಿಕೊಂಡಳು.

"ಕೂಸಿಗೆ ಎಣ್ಣಿ ಹಚ್ಚೂದಿಲ್ಲೇನು?"

"ಅದೂ ಕೊಸರ ಇತ್ತರಿ. ನೀವ ಬ್ಯಾಡ ಅಂದ್ರಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಬಹುದಿತ್ತು.

ನಾಲ್ಕು ದಿನ ಲೆಕ್ಕ ಹನಿ ತಪ್ಪದೆ ಕೂಡಿತು. ನಾಲ್ಕು ದಿನವೂ ಮಗಳು ನಿದ್ದೆಯಿಲ್ಲದೆ ಅತ್ತಳು, ಬಾಟಲಿ ಒದ್ದಳು. ನಾನೇ ಎಣ್ಣೆ ಹಚ್ಚಹೋದರೆ ಕೈಯಿಂದ ಮೀನಿನಂತೆ ಜಾರಿದಳು. ಸೊರಗಿದಳೋ ಎಂದು ದಿನಕ್ಕೆ ಮೂರು ಬಾರಿ ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ದೆ. ಅಂಗಡಿಯ ಮುದಕಪ್ಪ, "ಮಾರಾಕ ತಂದೀರೇನ್ರಿ?" ಎಂದ.

ನಾಲ್ಕನೆಯ ದಿನ ಇವರು ಖಾಲಿ ತಾಟಿನ ಮುಂದೆ ಕೂತು ಕೇಳಿದರು, "ಲೆಕ್ಕಾ ಕೂಡೇತೇನು?"

"ಪೈ ಪೈ ಕೂಡೇತಿ."

"ಹಂಗಾರ ಅದನ್ನ ಬಡಸು."

ಐದನೆಯ ದಿನ ಲೆಕ್ಕದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತೆ. ಸೋತು ಅಲ್ಲ. ತಿದ್ದುಪಡಿ ಮಾಡಲು.

"ನೋಡು ನಾನಿಬಾಯಿ, ಕೊಸರಿನ ಹೆಸರಲೇ ಬ್ಯಾರೆ ಪುಟ ತಗದೇನಿ. ರೊಕ್ಕದ ಮನಿ ಖಾಲಿ ಬಿಟ್ಟೇನಿ."

ಅವಳು ಆ ಖಾಲಿ ಪುಟವನ್ನು ಒಮ್ಮೆ ನೋಡಿದಳು. ಆಮೇಲೆ ಪಾತೇಲಿಗೆ ಒಂದು ಲೀಟರ್ ಅಳೆದು, ಕ್ಯಾನನ್ನು ಮತ್ತೊಮ್ಮೆ ಬಗ್ಗಿಸಿ, ಕಾಲು ಚಾಚಿ ಕೂತಳು. ಎಣ್ಣೆಯ ಕೈ ತಾಗಿದ್ದೇ ತಡ, ನನ್ನ ಮಗಳೆಂಬ ದ್ರೋಹಿ ಕಣ್ಣು ಮುಚ್ಚಿದಳು.

"ಬಾಯಾರ, ಹಾಲಿಗೆ ಬೆಕ್ಕು ಬಾಯಿ ಹಾಕೀತು. ಆ ಪುಸ್ತಕ ಕೊಡ್ರಿ ಇಲ್ಲಿ."

ಕೊಟ್ಟೆ. ತೆರೆದಿದ್ದ ಆ ಪುಟವನ್ನೇ ಪಾತೇಲಿಯ ಮೇಲೆ ಬೋರಲಾಗಿ ಮುಚ್ಚಿದಳು.

"ಈಗ ಉಪಯೋಗಕ್ಕ ಬಂತು ನೋಡ್ರಿ."

ಆ ಪುಟದ ಮೇಲೆ ಹಾಲಿನ ದುಂಡನೆಯ ಗುರುತು ಇಂದಿಗೂ ಇದೆ. ನಾನದನ್ನು ಅಳಿಸಿಲ್ಲ. ಜಮಾ ಬದಿಗೆ ಹಿಡಿದಿದ್ದೇನೆ.